ದಿನಾ ಬರೆಯಲು ಯಾವ ಕಿತ್ತಳೆ ಇಂಕು ಒಳ್ಳೆಯದು?

ಲ್ಯಾಮಿ ಸಫಾರಿ ಇಂಕು ಪೆನ್ನು, ತುಂಬಾ ತೆಳು ಗೆರೆ ಬರುವ ಎಕ್ಸ್‌ಟ್ರಾ ಫೈನ್ ನಿಬ್ಬು, ಡೈರಿ ಮತ್ತು ಮನೆ ಲೆಕ್ಕ ಎರಡನ್ನೂ ಕಿತ್ತಳೆ ಬಣ್ಣದಲ್ಲೇ ಬರೆಯಬೇಕು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2019ರ ಮಾರ್ಚ್ ನೆನಪಾಯಿತು. ನಾನೂ ಹೀಗೇ ಶುರು ಮಾಡಿದ್ದೆ.

ನಮ್ಮದು ಮೂಡಿಗೆರೆ ಕಡೆ ಒಂದು ಸಣ್ಣ ಕಾಫಿ ತೋಟ. ಇಲ್ಲಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಅಂತ ಇಡುತ್ತಾರೆ. ಬೆಳಿಗ್ಗೆ ಎದ್ದು ಅಂಗಳದ ರೈನ್ ಗೇಜ್ ನೋಡಿ, ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಬಂತು ಅಂತ ಬರೆಯುವುದು. ನೂರು ಸೆಂಟ್‌ಗೆ ಒಂದು ಇಂಚು. ನಮ್ಮ ಮನೆಯಲ್ಲಿ ಇದನ್ನು ಅಜ್ಜ 1962ರಲ್ಲಿ ಶುರು ಮಾಡಿದರು. ಅಜ್ಜನ ನಂತರ ಅಪ್ಪ ಬರೆದರು. ಅಪ್ಪನ ಕಣ್ಣು ಮಂಜಾದ ಮೇಲೆ ನಾನು.

2019ರಲ್ಲಿ ನನಗೆ ಒಂದು ಬಾಟಲಿ ಕಿತ್ತಳೆ ಇಂಕು ಸಿಕ್ಕಿತು. ಹೆಸರು ಬೇಡ, ಇಂಕಿನ ತಪ್ಪು ಏನೂ ಇರಲಿಲ್ಲ. ಬಣ್ಣ ಮಾತ್ರ ಎಷ್ಟು ಚೆಂದ ಅಂದರೆ, ಬರೆಯುವಾಗ ಒದ್ದೆ ಇದ್ದಷ್ಟು ಹೊತ್ತು ಮುತ್ತುಗದ ಹೂವಿನ ಕೆಂಪು, ಒಣಗಿದ ಮೇಲೆ ಅಬ್ಬಲಿಗೆ ಬಣ್ಣ, ಗೆರೆ ತೆಳು ಆದ ಕಡೆ ಹಳದಿ. ಒಂದೇ ಅಕ್ಷರದಲ್ಲಿ ಮೂರು ಬಣ್ಣ. ಹೂಮಳೆ ಬಿದ್ದ ದಿನ, ಕಾಫಿ ಹೂವಿಗೆ ಬೇಕಾದ ಆ ಮೊದಲ ಮಳೆ, ಖುಷಿಗೆ ಅದೇ ಪೆನ್ನಲ್ಲಿ ಬರೆದೆ. ಆಮೇಲೆ ಬಿಡಲೇ ಇಲ್ಲ. ಹೂಮಳೆಯ ಹಿಂದೆ ಬರುವ ಬ್ಯಾಕಿಂಗ್ ಮಳೆ, ಮುಂಗಾರು, ಎಲ್ಲಾ ಕಿತ್ತಳೆ. ಅಪ್ಪ ಪುಸ್ತಕ ಕಣ್ಣ ಹತ್ತಿರ ಹಿಡಿದು, "ಎಂತ ಬಣ್ಣ ಮಾರಾಯ ಇದು, ಒಂದು ಅಂಕಿಯೂ ಕಾಣುವುದಿಲ್ಲ" ಅಂದರು. ನಿಮಗೆ ಕಣ್ಣು ಸರಿ ಇಲ್ಲ ಅಪ್ಪ ಅಂದೆ. ಆ ಮಾತು ಆಡಬಾರದಿತ್ತು.

ಅಪ್ಪ ಹೇಳಿದ್ದು ನಿಜವೇ ಆಗಿತ್ತು. ನನ್ನದು ಜಪಾನಿನ ಫೈನ್ ನಿಬ್ಬು. ಜಪಾನಿನ ಫೈನ್ ಅಂದರೆ ಯುರೋಪಿನ ಫೈನ್‌ಗಿಂತ ಇನ್ನೂ ತೆಳು. ಕಿತ್ತಳೆ ಬಣ್ಣಕ್ಕೆ ಮೈ ಬರುವುದು ಇಂಕು ಕಾಗದದ ಮೇಲೆ ಸ್ವಲ್ಪ ದಪ್ಪಗೆ ನಿಂತಾಗ. ತೆಳು ಗೆರೆಯಲ್ಲಿ ಅದು ಬರೀ ಹಳದಿ. ಹಗಲು ಕಿಟಕಿ ಪಕ್ಕ ಓದಬಹುದು. ಆದರೆ ಜುಲೈಯಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ಮೇಣದ ಬತ್ತಿಯ ಬೆಳಕಲ್ಲಿ ಬಿಳಿ ಕಾಗದವೇ ಕಿತ್ತಳೆಯಾಗಿ ಕಾಣುತ್ತದೆ, ಅದರ ಮೇಲೆ ಕಿತ್ತಳೆ ಅಂಕಿ ಎಲ್ಲಿ ಕಾಣಬೇಕು? 3ನೋ 8ನೋ ಅಂತ ನಾನೇ ಬೆರಳಿಟ್ಟು ನೋಡುತ್ತಿದ್ದೆ. ಆಗಲೇ ನಿಲ್ಲಿಸಬೇಕಿತ್ತು.

2019ರ ಆಗಸ್ಟ್ ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ನಮ್ಮ ಮನೆಯಲ್ಲಿ ಮರದ ಕೊಂಬೆ ಬಿದ್ದು ಹೆಂಚು ಒಡೆಯಿತು, ನೀರು ನೇರ ಪುಸ್ತಕದ ಕಪಾಟಿಗೆ ಇಳಿಯಿತು. ನಾವು ನೋಡಿದ್ದು ಮರುದಿನ.

ಕಿತ್ತಳೆ ಇಂಕಿನ ಗುಣ ನನಗೆ ಸರಿಯಾಗಿ ತಿಳಿದದ್ದು ಆವತ್ತು. ನೀವೂ ತಿಳಿದುಕೊಳ್ಳಿ. ನನ್ನ ಇಂಕಿನಲ್ಲಿ ಇದ್ದದ್ದು ನೀರಲ್ಲಿ ಕರಗುವ ಎರಡು ಬಣ್ಣ, ಒಂದು ಹಳದಿ, ಒಂದು ಕೆಂಪು. ನೀರು ಬಿದ್ದ ಕೂಡಲೇ ಎರಡೂ ಬೇರೆ ಆದವು. ಹಳದಿ ದೂರ ಓಡಿತು, ಕೆಂಪು ಅಲ್ಲೇ ಗುಲಾಬಿ ಮಚ್ಚೆಯಾಗಿ ಹರಡಿತು. ನೆನೆದ ಹಾಳೆಗಳಲ್ಲಿ ಅಂಕಿ ಒಂದೂ ಉಳಿಯಲಿಲ್ಲ. ಅದೇ ಕಪಾಟಿನಲ್ಲಿ ಅಜ್ಜನ ಪುಸ್ತಕವೂ ನೆನೆದಿತ್ತು. ಅಜ್ಜ ಬರೆಯುತ್ತಿದ್ದದ್ದು ಆ ಕಾಲದ ಬ್ಲೂ ಬ್ಲ್ಯಾಕ್ ಇಂಕಿನಲ್ಲಿ. ಕಬ್ಬಿಣದ ಉಪ್ಪು, ಟ್ಯಾನಿನ್ ಸೇರಿಸಿ ಮಾಡುವ ಇಂಕು ಅದು. ಗಾಳಿ ತಾಗಿದ ಹಾಗೆ ಕಪ್ಪಾಗಿ ಕಾಗದವನ್ನು ಕಚ್ಚಿಕೊಳ್ಳುತ್ತದೆ. ಒಣಗಿಸಿದ ಮೇಲೆ ಕಾಗದ ಸುಕ್ಕಾಗಿತ್ತು, ಅಂಕಿ ಹಾಗೇ ಇತ್ತು.

ಬೆಳೆ ನಷ್ಟದ ಅರ್ಜಿಗೆ ಅಂತ ನೀರು ತಾಗದೆ ಉಳಿದ ಹಾಳೆಗಳನ್ನು ಜೆರಾಕ್ಸ್ ಮಾಡಿಸಲು ಹೋದೆ. ಕಪ್ಪು ಬಿಳುಪಿನಲ್ಲಿ ಬಂದದ್ದು ಗೆರೆ ಹೊಡೆದ ಖಾಲಿ ಹಾಳೆ, ಅಲ್ಲಲ್ಲಿ ಬೂದಿ ಚುಕ್ಕೆ. ಪಕ್ಕದ ತೋಟದವರ ಪುಸ್ತಕ ನೋಡಿ ತುಂಬಿಸು ಅಂತ ಹೇಳಿದವರು ಇದ್ದಾರೆ. ನಾನು ತುಂಬಿಸಲಿಲ್ಲ. ಮಲೆನಾಡಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ, ಅವರ ಅಂಕಿ ನಮ್ಮದಾಗುವುದಿಲ್ಲ. 1962ರಿಂದ ಒಂದು ದಿನ ಬಿಡದ ಪುಸ್ತಕದಲ್ಲಿ, ಅಷ್ಟು ದೊಡ್ಡ ಮಳೆ ಬಂದ ತಿಂಗಳು ಖಾಲಿ. ನನ್ನ ತಪ್ಪು ಇಷ್ಟೇ: ಇನ್ನೊಂದು ಪ್ರತಿ ಇಲ್ಲದ ಪುಸ್ತಕದಲ್ಲಿ, ನೀರಿಗೆ ನಿಲ್ಲದ ಇಂಕಿನಲ್ಲಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬರೆದೆ. ಮೂರರಲ್ಲಿ ಒಂದನ್ನು ಬಿಟ್ಟಿದ್ದರೂ ಅಷ್ಟು ನಷ್ಟ ಆಗುತ್ತಿರಲಿಲ್ಲ.

ಹಾಗಾಗಿ ಯಾವ ಇಂಕು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೆಕ್ಕಕ್ಕೆ ಕಿತ್ತಳೆ ಬೇಡವೇ ಬೇಡ. ಅದಕ್ಕೆ ಪ್ಲಾಟಿನಮ್ ಬ್ಲೂ ಬ್ಲ್ಯಾಕ್ ಅಥವಾ ಪೆಲಿಕಾನ್ 4001 ಬ್ಲೂ ಬ್ಲ್ಯಾಕ್ ತಗೊಳ್ಳಿ, ಎರಡೂ ಅಜ್ಜನ ಇಂಕಿನ ಜಾತಿಯವೇ. ಡೈರಿಗೆ ಕಿತ್ತಳೆ ಧಾರಾಳವಾಗಿ ಬರೆಯಿರಿ, ಆದರೆ ಇಂಕಿಗಿಂತ ಮೊದಲು ನಿಬ್ಬು ಬದಲಿಸಿ. ಸಫಾರಿಯಲ್ಲಿ ಅದು ಸುಲಭ, ನಿಬ್ಬಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ಮುಂದಕ್ಕೆ ಎಳೆದರೆ ಬರುತ್ತದೆ. ಮೀಡಿಯಮ್ ಹಾಕಿ, ಅಥವಾ 1.1 ಮಿಲಿಮೀಟರ್ ಅಗಲದ್ದು ಹಾಕಿದರೆ ಇನ್ನೂ ಚೆಂದ. ಎಕ್ಸ್‌ಟ್ರಾ ಫೈನ್‌ನಲ್ಲಿ ಎಷ್ಟು ದುಬಾರಿ ಕಿತ್ತಳೆ ಹಾಕಿದರೂ ದುಡ್ಡು ದಂಡ.

ಇನ್ನು ಬಣ್ಣ. ನನಗೆ ಈಗ ಇಷ್ಟ ಪೈಲಟ್ ಇರೋಶಿಜುಕು ಸಾಲಿನ ಯೂಯಾಕೆ. ಜಪಾನಿ ಭಾಷೆಯಲ್ಲಿ ಸಂಜೆಯ ಕೆಂಪು ಅಂತ ಅರ್ಥ. ಸರಾಗವಾಗಿ ಹರಿಯುತ್ತದೆ, ದಪ್ಪ ನಿಬ್ಬಲ್ಲಿ ಅಬ್ಬಲಿಗೆಯೇ. ಸ್ವಲ್ಪ ಕೆಂಪು ಜಾಸ್ತಿ ಬೇಕು ಅಂದರೆ ಅದೇ ಸಾಲಿನ ಫುಯುಗಾಕಿ ಇದೆ. ಅದು ಚೆನ್ನಾಗಿ ಓದಲು ಬರುತ್ತದೆ. ನೂಡ್ಲರ್ಸ್ ಅಪಾಚೆ ಸನ್‌ಸೆಟ್ ಹಳದಿಯಿಂದ ಇಟ್ಟಿಗೆ ಕೆಂಪಿನ ತನಕ ಒಂದೇ ಅಕ್ಷರದಲ್ಲಿ ತೋರಿಸುತ್ತದೆ. ಆದರೆ ಒಣಗಲು ಹೊತ್ತು ಬೇಕು, ನಮ್ಮ ಮಳೆಗಾಲದ ಥಂಡಿಯಲ್ಲಿ ಹಾಳೆ ಮಗುಚಲು ಕಾಯಬೇಕು. ಬರೆದ ಹಾಳೆ ಬಿಸಿಲಿಗೆ ಇಡಬೇಡಿ.

ದಪ್ಪ ಬಣ್ಣದ ಕಿತ್ತಳೆಗಳು ನಿಬ್ಬಿನ ಮೇಲೆ ಹರಳು ಕಟ್ಟುವುದೂ ಇದೆ. ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಸ್ಪಿರಿಟ್ ಹಾಕಬೇಡಿ, ಪ್ಲಾಸ್ಟಿಕ್ ಹಾಳಾಗಬಹುದು. ಈಗ ಪೆನ್ನಲ್ಲಿ ನೀಲಿ ಇದ್ದರೆ ಬಣ್ಣ ಬಿಡುವುದು ನಿಲ್ಲುವ ತನಕ ತಣ್ಣೀರಲ್ಲಿ ತೊಳೆದು, ಒಂದು ರಾತ್ರಿ ಒಣಗಿಸಿ ಆಮೇಲೆ ತುಂಬಿ. ಎರಡು ಹನಿ ನೀಲಿ ಉಳಿದರೂ ಕಿತ್ತಳೆ ಕೆಸರು ಬಣ್ಣಕ್ಕೆ ತಿರುಗುತ್ತದೆ.