ಇನ್ನಷ್ಟು ಒಣಗಿಸಬೇಡಿ, ನೀರು ಹಾಕಿ

ಎಲ್ಲವನ್ನೂ ಒಣಗಿಸಿದರೂ ಸುಜುಕಿ ಕಪ್ಲಿಂಗ್‌ನಲ್ಲಿ (ಬೋರಾನ್ ಕೂತ ಕಾರ್ಬನ್ನನ್ನು ಬ್ರೋಮಿನ್ ಕೂತ ಕಾರ್ಬನ್ನಿಗೆ ಪಲ್ಲೇಡಿಯಂ ಬಳಸಿ ಜೋಡಿಸುವ ಕ್ರಿಯೆ) ರಿಂಗ್ ಮುಚ್ಚುತ್ತಿಲ್ಲ, ಪಲ್ಲೇಡಿಯಂಗೆ ಅಂಟಿಕೊಂಡಿರುವ ಲಿಗ್ಯಾಂಡ್ ಬದಲಿಸಲಾ ಅಂತ ಕೇಳಿದ್ದೀರಿ. 'ಒಣಗಿಸಿದರೂ' ಅಂದಿರಲ್ಲ, ಅಲ್ಲೇ ನಾನು ಹಾಳು ಮಾಡಿಕೊಂಡ ಎರಡು ತಿಂಗಳು ನೆನಪಾಯಿತು.

ನನ್ನದು ಚಿಕ್ಕ ಅಣು. ಬೆಂಜೀನ್ ಮೇಲೆ ಒಂದು ಬ್ರೋಮಿನ್, ಪಕ್ಕದಲ್ಲೇ ನಾಲ್ಕು ಕಾರ್ಬನ್ನಿನ ಬಾಲ, ಬಾಲದ ತುದಿಯಲ್ಲಿ ಡಬಲ್ ಬಾಂಡ್. 9-ಬಿಬಿಎನ್ ಅನ್ನುವ ಬೋರೇನ್ (ಬೋರಾನ್ ಸಂಯುಕ್ತ) ಹಾಕಿದರೆ ಬೋರಾನ್ ಹೋಗಿ ತುದಿಯ ಕಾರ್ಬನ್ ಮೇಲೆ ಕೂರುತ್ತದೆ, ಬ್ರೋಮಿನ್ ತಂಟೆಗೆ ಹೋಗುವುದಿಲ್ಲ. ಆಮೇಲೆ ಅದೇ ಫ್ಲಾಸ್ಕಿಗೆ ಪಲ್ಲೇಡಿಯಂ. ಬ್ರೋಮಿನ್ ಇದ್ದ ಜಾಗಕ್ಕೆ ಬಾಲದ ತುದಿ ಬಂದು ಕಚ್ಚಿಕೊಂಡರೆ ಹೊಸ ರಿಂಗ್ ಮುಚ್ಚಿ ಟೆಟ್ರಾಲಿನ್ ರೆಡಿ.

ನನ್ನ ತಲೆಯಲ್ಲಿ ಕೂತಿದ್ದು ಒಂದೇ ಮಾತು: ಬೋರೇನ್‌ಗೆ ನೀರು ಆಗುವುದಿಲ್ಲ. ಅದು ಅರ್ಧ ನಿಜ. 9-ಬಿಬಿಎನ್‌ನಲ್ಲಿ ಬೋರಾನ್-ಹೈಡ್ರೋಜನ್ ಬಾಂಡ್ ಇದೆ, ನೀರು ಬಿದ್ದರೆ ಗುಳ್ಳೆ ಬಿಟ್ಟು ಕೆಡುತ್ತದೆ. ಆದರೆ ಆಲ್ಕೀನ್‌ಗೆ (ಬಾಲದ ಡಬಲ್ ಬಾಂಡಿಗೆ) ಸೇರಿದ ಮೇಲೆ ಆ ಬಾಂಡ್ ಎಲ್ಲಿದೆ? ಆಗ ಉಳಿಯುವುದು ಬೋರಾನಿನ ಮೂರೂ ಕಡೆ ಕಾರ್ಬನ್ನೇ ಇರುವ ಟ್ರೈಆಲ್ಕೈಲ್ ಬೋರೇನ್. ಅದು ನೀರಿಗೆ ಜಗ್ಗುವುದಿಲ್ಲ. ಅದರ ಶತ್ರು ಗಾಳಿಯಲ್ಲಿರುವ ಆಕ್ಸಿಜನ್. ಇವೆರಡನ್ನೂ ಒಂದೇ ಅಂದುಕೊಂಡೆ, ಅಷ್ಟೇ ನನ್ನ ತಪ್ಪು. ವಿಧಾನದಲ್ಲಿ ಬರೆದಿದ್ದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಟ್ಟು, ರಾತ್ರಿಯಿಡೀ ಓವನ್‌ನಲ್ಲಿಟ್ಟ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಸುರಿದೆ. ಅದು ಟಿಎಚ್‌ಎಫ್ ಅನ್ನುವ ದ್ರಾವಕದಲ್ಲಿ ಕರಗದೆ ತಳದಲ್ಲಿ ಮರಳಿನ ಹಾಗೆ ಕೂತಿತು. ಬೋರಾನ್ ತನ್ನ ಬಾಲವನ್ನು ಪಲ್ಲೇಡಿಯಂಗೆ ಸುಮ್ನೆ ಬಿಟ್ಟುಕೊಡುವುದಿಲ್ಲ. ಹೈಡ್ರಾಕ್ಸೈಡ್ ಬಂದು ಬೋರಾನಿಗೋ ಪಲ್ಲೇಡಿಯಂಗೋ ಅಂಟಬೇಕು.

ಅಣುಗಳ ಮಾಸ್ ತೋರಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಟೆಟ್ರಾಲಿನ್‌ನ 132 ಕಾಯುತ್ತಿದ್ದೆ. ಬಂದಿದ್ದು 228 ಮತ್ತು 230, ಅವಳಿಗಳ ಹಾಗೆ ಒಂದೇ ಎತ್ತರದ ಎರಡು ಪೀಕ್. ಈ ಅವಳಿ ಪೀಕ್ ಬ್ರೋಮಿನ್‌ನ ಗುರುತು, ಅಂದರೆ ಬ್ರೋಮಿನ್ ಕದಲಿಲ್ಲ. ನಾನು ಶುರು ಮಾಡಿದ ಅಣು 210, 212. ಲೆಕ್ಕ ಹಾಕಿದೆ, ಸರಿಯಾಗಿ 18 ಜಾಸ್ತಿ. ನೋಡಿದಿರಾ, ಎಲ್ಲಿಂದಲೋ ನೀರು ನುಗ್ಗಿದೆ ಅಂತ ಮತ್ತಷ್ಟು ಒಣಗಿಸಿದೆ! ನಿಜಕ್ಕೂ ಅದು ಆಲ್ಕೋಹಾಲ್. ಕೊನೆಯಲ್ಲಿ ಬೋರಾನ್ ತೊಲಗಲಿ ಅಂತ ನಾನೇ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ದೆನಲ್ಲ, ಕೆಲಸವಿಲ್ಲದೆ ಕೂತಿದ್ದ ಬೋರೇನ್ ಎಲ್ಲ ಆಲ್ಕೋಹಾಲ್ ಆಗಿತ್ತು.

ಸರಿಪಡಿಸಿದ್ದು ಒಂದು ಮಧ್ಯಾಹ್ನದಲ್ಲಿ. ಆಕ್ಸಿಜನ್ ಹೋಗಲಿ ಅಂತ ಹೈಡ್ರಾಕ್ಸೈಡ್ ದ್ರಾವಣದೊಳಗೆ ಅರ್ಧ ಗಂಟೆ ಆರ್ಗಾನ್ ಬಿಟ್ಟೆ. ಹೈಡ್ರೋಬೋರೇಶನ್ (ಡಬಲ್ ಬಾಂಡಿಗೆ ಬೋರಾನ್ ಸೇರುವುದು) ಮುಗಿದ ಫ್ಲಾಸ್ಕಿಗೆ ಅದನ್ನು ತೊಟ್ಟು ತೊಟ್ಟಾಗಿ ಹಾಕಿ, ಮಿಕ್ಕಿದ್ದ 9-ಬಿಬಿಎನ್‌ನ ಗುಳ್ಳೆ ನಿಲ್ಲುವವರೆಗೆ ಕಾದೆ. ಆಮೇಲೆ ಪಲ್ಲೇಡಿಯಂ. ರಾತ್ರಿ 132 ಬಂತು.

ಹಾಗಾಗಿ ಲಿಗ್ಯಾಂಡ್ ಮುಟ್ಟಬೇಡಿ. ನಿಮ್ಮ ಹತ್ತಿರ ಇರುವ ಡಿಪಿಪಿಎಫ್ ಲಿಗ್ಯಾಂಡೇ ಸಾಕು. 1989ರಲ್ಲಿ ಮಿಯಾವುರಾ, ಸುಜುಕಿ ಇದೇ ಬಗೆಯ ರಿಂಗ್ ಮುಚ್ಚಿ ತೋರಿಸಿದಾಗಲೂ ಪಲ್ಲೇಡಿಯಂ ಜೊತೆ ಇದ್ದಿದ್ದು ಅದೇ. ಆರು ಕಾರ್ಬನ್ನಿನ ರಿಂಗಿಗೆ ದ್ರಾವಣವನ್ನು ವಿಪರೀತ ತೆಳು ಮಾಡುವ ತಲೆನೋವೂ ಬೇಡ, ಅದು ದೊಡ್ಡ ರಿಂಗ್‌ಗಳ ಪಾಡು.

ಮೊದಲು ಮಾಸ್ ನೋಡಿ. ಪೆರಾಕ್ಸೈಡ್ ಹಾಕಿದ ಮೇಲೆ 18 ಜಾಸ್ತಿ ಬಂದಿದೆಯಾ? ಬಂದಿದ್ದರೆ ಹೈಡ್ರೋಬೋರೇಶನ್ ಚೆನ್ನಾಗಿಯೇ ಆಗಿದೆ, ಬೇಸ್ (ಹೈಡ್ರಾಕ್ಸೈಡ್ ದ್ರಾವಣ) ನೋಡಿಕೊಳ್ಳಿ. ಬರೀ ಹಳೆಯ ಅಣುವೇ ಇದ್ದರೆ ನಿಮ್ಮ 9-ಬಿಬಿಎನ್ ಬಾಟಲಿ ಕೆಟ್ಟಿರಬಹುದು, ಹೊಸದು ತೆಗೆಯಿರಿ.