ಮೂರನೇ ದಿನವೇ ಕಷ್ಟದ ದಿನ, ಆ ಒಂದು ಸೇದಬೇಡಿ

ಕಾರವಾರದಿಂದ ಬರೆದಿದ್ದೀರಿ: ಸಿಗರೇಟು ಬಿಟ್ಟು ಮೂರು ದಿನ, ನಿದ್ದೆಯಿಲ್ಲ, ಮಕ್ಕಳ ಮೇಲೆ ಸುಮ್ಮನೆ ರೇಗುತ್ತೀರಿ, ಚಹಾ ಕುಡಿದ ಕೂಡಲೇ ಕೈ ಜೇಬಿಗೆ ಹೋಗುತ್ತೆ, ಒಂದೇ ಒಂದು ಸೇದಿದರೆ ಏನಾಗುತ್ತೆ ಅಂತ. ದಯವಿಟ್ಟು ಆ ಒಂದು ಬೇಡ. ನಿಕೋಟಿನ್ ಇಲ್ಲದ ಸಂಕಟ ಜೋರಾಗಿರೋದೇ ಎರಡನೇ, ಮೂರನೇ ದಿನ. ಘಟ್ಟದ ತುದಿ ಹತ್ತಿದ್ದೀರಿ. ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತೆ.

ನಿದ್ದೆಗೆ ಮೊದಲು ಚಹಾ-ಕಾಫಿ ನೋಡಿ. ಹೊಗೆ ಸೇದುವವರ ದೇಹ ಕೆಫೀನನ್ನು ಬೇಗ ಕರಗಿಸುತ್ತೆ. ಬಿಟ್ಟ ಮೇಲೆ ಅಷ್ಟೇ ಕುಡಿದರೂ ಅದು ಹೆಚ್ಚು ಹೊತ್ತು ಉಳಿದು ಎದೆ ಡವಗುಟ್ಟುತ್ತೆ. ಅರ್ಧಕ್ಕೆ ಇಳಿಸಿ. ನಾನು ಶಿರಸಿಯವ. ಬಿಟ್ಟಾಗ ಸಂಜೆ ಚಹಾ ಬದಲು ಕೊತ್ತಂಬರಿ-ಜೀರಿಗೆ ಕಷಾಯ, ಅದೂ ಅಂಗಡಿ ಕಟ್ಟೆಯಲ್ಲಲ್ಲ, ಮನೆ ಜಗುಲಿಯಲ್ಲಿ, ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. ಕೈಗೂ ಒಂದು ಕೆಲಸ ಬೇಕಿತ್ತು ಅಂತ ಆಗ ತಿಳಿಯಿತು.

ಒಂದೊಂದು ಸೆಳೆತ ಕೆಲವೇ ನಿಮಿಷ. ಟಾಗೋರ್ ಕಡಲತೀರದ ಮರಳಲ್ಲಿ ಒಂದು ಸುತ್ತು ನಡೆಯುವಷ್ಟರಲ್ಲಿ ದಾಟುತ್ತೆ. ತಡೆಯಲಾಗದಿದ್ದರೆ ಔಷಧಿ ಅಂಗಡಿಯಲ್ಲಿ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಿಗುತ್ತೆ. ಜಗಿಯುತ್ತಲೇ ಇರಬೇಡಿ, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ ಸಂದಿಯಲ್ಲಿ ಇಟ್ಟುಕೊಳ್ಳಿ. ಹೃದಯದ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಸಿಗರೇಟಿನ ಬದಲಿಗೆ ಅಂತ ತಂಬಾಕು ಹಾಕಿದ ಕವಳಕ್ಕೆ (ಎಲೆ-ಅಡಿಕೆಗೆ) ಮಾತ್ರ ಹೋಗಬೇಡಿ, ಅದೂ ಅದೇ ತಂಬಾಕು. 1800-11-2356ಕ್ಕೆ ಕರೆ ಮಾಡಿದರೆ ಬಿಡುವವರಿಗೆ ಉಚಿತ ಸಲಹೆ ಸಿಗುತ್ತೆ.

ಮಕ್ಕಳಿಗೂ ಇವತ್ತೇ ಹೇಳಿಬಿಡಿ, ಸಿಟ್ಟು ನಿಮ್ಮ ಮೇಲಲ್ಲ ಅಂತ.