ಬಾಟಲಿ ಒಡೆದದ್ದು ಎಷ್ಟನೇ ಸುತ್ತಲ್ಲಿ?

ಪ್ರಶ್ನೆ: ನನಗೆ 43 ವರ್ಷ. ಡೊಂಬಿವಲಿಯಲ್ಲಿ ಮನೆ. ಮೂರು ವರ್ಷದಿಂದ ಓಡುತ್ತಿದ್ದೇನೆ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42 ಕಿ.ಮೀ.ಗೆ ಹೆಸರು ಕೊಟ್ಟಿದ್ದೇನೆ. ಬೆಳಿಗ್ಗೆ 4.45ಕ್ಕೆ ಹೊರಟರೆ ಆರೂವರೆಗೆ ವಾಪಸ್. ಹನ್ನೊಂದು ವರ್ಷದ ಮಗಳಿಗೆ ಮಾತ್ರ ಓಟ ಅಂದರೆ ಅಲರ್ಜಿ. ಎಬ್ಬಿಸಿದರೆ ಮುಸುಕು ಎಳೆದುಕೊಳ್ಳುತ್ತಾಳೆ. ದುಬಾರಿ ಶೂ ತಂದೆ, ಡಬ್ಬದಿಂದ ತೆಗೆದೇ ಇಲ್ಲ. ಅಪ್ಪ ಅಮ್ಮನನ್ನು ನೋಡಿ ಮಕ್ಕಳು ಕಲಿಯುತ್ತಾರೆ ಅಂತಾರೆ, ಇವಳು ಯಾಕೆ ಕಲಿಯುತ್ತಿಲ್ಲ? ಬ್ರಿಟನ್ನಿನ ಓಟಗಾರ ಸೆಬಾಸ್ಟಿಯನ್ ಕೋಗೆ ಅವರ ಅಪ್ಪನೇ ಕೋಚ್ ಆಗಿದ್ದರಂತೆ. ನಾನೂ ಟೈಮ್‌ಟೇಬಲ್ ಹಾಕಿ ಕಲಿಸಲೇ?

ಉತ್ತರ: ಮಗಳು ನಿಮ್ಮನ್ನು ನೋಡಿ ಕಲಿಯುತ್ತಿಲ್ಲ ಅಂತೀರಿ. ಅವಳು ನೋಡಿದ್ದಾದರೂ ಏನನ್ನು? ನೀವು ಓಡುವಾಗ ಅವಳು ನಿದ್ದೆಯಲ್ಲಿರುತ್ತಾಳೆ. ಅವಳ ಪಾಲಿಗೆ ಬರುವುದು ನಿಮ್ಮ ಅಲಾರಂ, ಬಾತ್‌ರೂಮಿನಲ್ಲಿ ಬಿದ್ದ ಸಾಕ್ಸ್‌ನ ವಾಸನೆ, ಬಂದವರೇ ಮೊಬೈಲ್ ತೆಗೆದು ಕಿಲೋಮೀಟರ್ ಲೆಕ್ಕ ನೋಡುವ ಅಪ್ಪ. ಆಮೇಲೆ "ಇನ್ನೂ ಎದ್ದಿಲ್ವಾ?" ಅನ್ನುವ ಮಾತು. ಇದನ್ನು ನೀವು ಬರೆದಿಲ್ಲ, ನಾನೇ ಊಹಿಸಿದೆ. ತಪ್ಪಿದ್ದರೆ ಕ್ಷಮಿಸಿ. ತಪ್ಪಿರಲಿಕ್ಕಿಲ್ಲ.

ನನ್ನ ಅಪ್ಪನೂ ಓಡುತ್ತಿದ್ದರು. ಕುಂದಾಪುರದ ಕಡೆಯಿಂದ ಹದಿಮೂರನೇ ವರ್ಷಕ್ಕೆ ಬೊಂಬಾಯಿಗೆ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಫೀಸುಗಳ ಮೆಟ್ಟಿಲು ಹತ್ತಿ ಚಾ ಕೊಟ್ಟು, ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದರು. ಕುರ್ಚಿ ಸಿಕ್ಕ ಮೇಲೆ ಕಾಲಿಗೆ ಕೆಲಸ ಇಲ್ಲವಾಯಿತು. "ಕೂತು ಕೂತು ಕಾಲು ಜುಂ ಅಂತದೆ ಮಾರಾಯ್ತಿ" ಅಂತ ಅಮ್ಮನಿಗೆ ಹೇಳಿ ಒಂದು ದಿನ ಓಡಲು ಶುರು ಮಾಡಿದರು, ಅಷ್ಟೇ. ಖಾಕಿ ಚಡ್ಡಿ, ಬನಿಯನ್, ಬಿಳಿ ಕ್ಯಾನ್‌ವಾಸ್ ಶೂ. ಭಾನುವಾರ ಆ ಶೂ ತೊಳೆದು, ಬಿಳಿ ಬಳಿದು, ಚಾಳಿನ ಕಿಟಕಿಯ ಸರಳಿಗೆ ಲೇಸಿನಿಂದ ಕಟ್ಟಿ ಒಣಗಿಸುತ್ತಿದ್ದರು. ಗಾಳಿಗೆ ಅವು ಒಂದಕ್ಕೊಂದು ಬಡಿದು ಟಪ್ ಟಪ್ ಅನ್ನುತ್ತಿದ್ದವು.

ನಮ್ಮನೆ ಕಿಂಗ್ಸ್ ಸರ್ಕಲ್ ಹತ್ತಿರ. ಅಪ್ಪ ಓಡುತ್ತಿದ್ದದ್ದು ಫೈವ್ ಗಾರ್ಡನ್ಸ್ ಸುತ್ತ. "ಬಾ" ಅಂತ ನನ್ನನ್ನು ಒಂದು ದಿನವೂ ಕರೆದವರಲ್ಲ. ಆದರೆ ಬಂದವರು ಹೊಸ್ತಿಲ ಮೇಲೆ ಕೂತು, ಲೇಸು ಬಿಚ್ಚುತ್ತಾ, ಅವತ್ತು ಕಂಡ ಒಂದು ಸಂಗತಿ ಹೇಳುತ್ತಿದ್ದರು. ಪಾರ್ಸಿ ಅಜ್ಜ ಒಬ್ಬರು ತಮ್ಮ ನಾಯಿಗೆ ಗುಜರಾತಿಯಲ್ಲಿ ಬೈಯುತ್ತಿದ್ದರಂತೆ. ನಾಯಿ ತಲೆ ತಗ್ಗಿಸಿ ಕೇಳುತ್ತಿತ್ತಂತೆ. ಮರುದಿನ ಆ ನಾಯಿ ಏನಾಯಿತು ಅಂತ ನನಗೆ ಕುತೂಹಲ. ದಿನಕ್ಕೆ ಒಂದೇ ಸಂಗತಿ, ಜಾಸ್ತಿ ಕೇಳಿದರೂ ಇಲ್ಲ. ಎಷ್ಟು ದೂರ ಓಡಿದೆ, ಎಷ್ಟು ಹೊತ್ತಲ್ಲಿ ಓಡಿದೆ ಅಂತ ಅವರು ಹೇಳಿದ್ದು ನೆನಪೇ ಇಲ್ಲ.

ಕಡೆಗೆ ಒಂದು ದಿನ ನಾನೇ ಹಿಂದೆ ಹೋದೆ. 1969, ನನಗೆ ಹತ್ತು ವರ್ಷ. ನೆಪ ಹಾಲಿನದ್ದು. ಆಗ ಆರೇ ಡೇರಿಯ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಕಾರ್ಡ್ ತೋರಿಸಿ, ಖಾಲಿ ಬಾಟಲಿ ಕೊಟ್ಟು, ತುಂಬಿದ್ದು ತರಬೇಕು. ನಾನು ಕ್ಯೂನಲ್ಲಿ ನಿಲ್ಲುವುದು, ಅಪ್ಪ ಓಡುವುದು. ನಿಂತು ನಿಂತು ಬೇಜಾರಾಗಿ, ಹಿಂದಿದ್ದ ಮಾಮಿಯ ಕಾಲ ಬಳಿ ಚೀಲ ಇಟ್ಟು, ನಾನೂ ಒಂದು ಸುತ್ತು ಹೋಗಿ ಬಂದೆ. ಆಮೇಲೆ ದಿನಾ ಅದೇ. ಒಂದು ದಿನ ಹಾಲು ತೆಗೆದುಕೊಂಡ ಮೇಲೂ ಓಡಿ, ಎಡವಿ, ಎರಡೂ ಬಾಟಲಿ ಚೂರು. ಮನೆಯಲ್ಲಿ ಅವತ್ತು ಎಲ್ಲರಿಗೂ ಹಾಲಿಲ್ಲದ ಚಾ. ಅಮ್ಮ ಬೈದು ಮುಗಿಸುವವರೆಗೆ ಸುಮ್ನೆ ಕೂತಿದ್ದ ಅಪ್ಪ ಮೆಲ್ಲಗೆ ಕೇಳಿದರು: "ಎಷ್ಟನೇ ಸುತ್ತಲ್ಲಿ ಒಡೆದದ್ದು?"

"ಮೂರನೇದು."

"ಮೂರಾ! ಮೊನ್ನೆ ಎರಡಿತ್ತು."

ನಾನೇನೂ ದೊಡ್ಡ ಓಟಗಾರ್ತಿ ಆಗಲಿಲ್ಲ. ಅರುವತ್ತು ದಾಟಿದ ಮೇಲೂ ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಅಷ್ಟೇ.

ಕೋ ವಿಷಯ ನಿಜ. ಅಪ್ಪ ಪೀಟರ್ ಕೋ ಎಂಜಿನಿಯರ್. ಎಲ್ಲವನ್ನೂ ಲೆಕ್ಕ ಹಾಕಿ ಮಗನನ್ನು ತಯಾರು ಮಾಡಿದರು. ಮಗ 1980ರ ಮಾಸ್ಕೋ, 1984ರ ಲಾಸ್ ಏಂಜಲೀಸ್ ಎರಡರಲ್ಲೂ 1500 ಮೀಟರ್ ಚಿನ್ನ ಗೆದ್ದರು. ಆದರೆ ಅದು ಮೊದಲೇ ಓಟದ ಹುಚ್ಚು ಹತ್ತಿದ್ದ ಹುಡುಗ. ಟೈಮ್‌ಟೇಬಲ್ ಬಂದದ್ದು ಆಮೇಲೆ. ನೀವು ಮುಸುಕಿನ ಮೇಲೇ ಟೈಮ್‌ಟೇಬಲ್ ಅಂಟಿಸಲು ಹೊರಟಿದ್ದೀರಿ. ಇನ್ನೊಂದು ಮನೆ ನೋಡಿ. ಮಿಲ್ಖಾ ಸಿಂಗ್ ಅವರ ಮಗ ಜೀವ್ ಹಿಡಿದದ್ದು ಗಾಲ್ಫ್ ಕೋಲನ್ನು. ನಿಮ್ಮ ಮಗಳೂ ನಾಳೆ ಸೈಕಲ್ಲೋ ಖೋಖೋನೋ ಅಂದರೆ ಮುಖ ಸಣ್ಣ ಮಾಡಬೇಡಿ.

ದೇಹದ ಮಾತೂ ಒಂದಿದೆ. ಈ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಎಂಟರಿಂದ ಹದಿನಾಲ್ಕರ ನಡುವೆ ಓಡಿ ಕುಣಿಯುವ ಮಕ್ಕಳಿಗೆ ಹಿಮ್ಮಡಿ ನೋವು ಬರುವುದು ಸಾಮಾನ್ಯ. ನೋವು ಅಂದರೆ ನೆಪ ಅನ್ನಬೇಡಿ, ಓಟ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಓಟವೇ ಆಗಬೇಕೆಂದಿಲ್ಲ, ಬೆಳಗಿನ ಜಾವವೇ ಆಗಬೇಕೆಂದೂ ಇಲ್ಲ. ಮಕ್ಕಳು ಓಡುವುದೇ ಹಾಗೆ, ಒಂದಿಷ್ಟು ಓಡಿ, ನಿಂತು, ಬೆಕ್ಕು ನೋಡಿ, ಮತ್ತೆ ಓಡುತ್ತಾರೆ. ನೀವು ವಾಚ್ ನೋಡುತ್ತಾ "ನಿಲ್ಲಬೇಡ" ಅಂದರೆ ಅಲ್ಲಿಗೆ ಮುಗಿಯಿತು. ವಾರಕ್ಕೊಮ್ಮೆ ಸಂಜೆ ಹೊತ್ತು, ಅವಳಿಗೆ ಕಾಣುವಂತೆ, ವಾಚ್ ಬಿಚ್ಚಿಟ್ಟು ನೀವು ಓಡಿ. ಅವಳು ಬರಲಿ, ಬಿಡಲಿ. ಆ ಶೂ ಬಗ್ಗೆ ಇನ್ನು ಮಾತೇ ಎತ್ತಬೇಡಿ. ಆರು ತಿಂಗಳಲ್ಲಿ ಕಾಲು ಬೆಳೆದು ಅದು ಹೇಗೂ ಬಿಗಿಯಾಗುತ್ತದೆ, ಆಗ ಅವಳೇ ಕೇಳಿದರೆ ಬೇರೆ ಕೊಡಿಸಿ.

ಮ್ಯಾರಥಾನ್ ದಿನ ಅವಳನ್ನು ಅಮ್ಮನ ಜೊತೆ ಪೆಡ್ಡರ್ ರೋಡಿನ ಏರಿಗೆ ಕಳಿಸಿ (ಓಟದ ದಾರಿ ಈ ಸಲವೂ ಅಲ್ಲೇ ಹಾಯುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ). ದಾದರ್‌ನಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ನಡೆದರಾಯಿತು. ಆ ಏರು ಸಿಗುವುದು ಮೂವತ್ತು ಕಿಲೋಮೀಟರ್ ದಾಟಿ ಕಾಲು ಸೋತ ಮೇಲೆ. ಅಲ್ಲಿ ನೀವು ಓಡುತ್ತೀರೋ ಕಾಲೆಳೆಯುತ್ತೀರೋ ಗೊತ್ತಿಲ್ಲ, ಹೇಗಿದ್ದರೂ ಅವಳು ನೋಡಲಿ. ಕೈಯಲ್ಲಿ ಒಂದು ಡಬ್ಬಿ ಕಿತ್ತಳೆ ಇರಲಿ, ಬರುವವರಿಗೆಲ್ಲ ಕೊಡಲಿ. ಸುಲಿದು, ಬೀಜ ತೆಗೆದು, ತೊಳೆ ಬಿಡಿಸಿ ಹಾಕಲು ಹೇಳಿ. ಆ ಏರಿನಲ್ಲಿ ಬೀಜ ಉಗುಳುವಷ್ಟು ಉಸಿರು ಯಾರಿಗೂ ಉಳಿದಿರುವುದಿಲ್ಲ.